ಸೀತತ್ತಿಗೆ ಬೈದದ್ದು ವೀಸಾ ಆಫೀಸರಿಗಲ್ಲ

ನಂಬಬೇಡಿ. ನಾನು ಹೇಳಿದ್ದನ್ನು ಬಣಕಲ್‌ನಲ್ಲಿ ಯಾರೂ ನಂಬುವುದಿಲ್ಲ, ನೀವು ಯಾಕೆ ನಂಬಬೇಕು? ಆದರೂ ಹೇಳುತ್ತೇನೆ. ತಾಕತ್ತಿದ್ದರೆ ನಂಬದೆ ಓದಿ ಮುಗಿಸಿ, ನೋಡೋಣ. ನನ್ನ ಅತ್ತಿಗೆ ಸೀತಮ್ಮನವರಿಗೆ ನ್ಯೂಜಿಲೆಂಡ್ ವೀಸಾ ಸಿಗದ ಹಾಗೆ ಮಾಡಿದವನು ನಾನು. ಅವರ ಬಾಯಿ ಅಲ್ಲ. ನಾನು.

ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಕಥೆ ಬೇರೆ. ವೀಸಾ ಆಫೀಸಿನಿಂದ ಫೋನ್ ಬಂತಂತೆ, ಮೈದುನ ಮಂಜಪ್ಪನೇ ಧ್ವನಿ ಬದಲಿಸಿ ಆಟ ಆಡಿಸುತ್ತಿದ್ದಾನೆ ಅಂದುಕೊಂಡು ಸೀತತ್ತಿಗೆ ಆ ಆಫೀಸರಿಗೆ ಹಿಗ್ಗಾಮುಗ್ಗಾ ಬೈದರಂತೆ, ವೀಸಾ ಹೋಯಿತಂತೆ. ಈ ಕಥೆಯನ್ನು ಮೂಡಿಗೆರೆಯಿಂದ ಕಳಸದವರೆಗೆ ಹಂಚಿದವನೂ ನಾನೇ. ಯಾವ ಮನೆಯ ಊಟಕ್ಕೆ ಹೋದರೂ ಎಲೆ ಹಾಸುವ ಮೊದಲೇ ಯಾರಾದರೂ, "ಮಂಜಪ್ಪ, ಆ ವೀಸಾದ್ದು ಹೇಳಾ ಮಾರಾಯ," ಅನ್ನುತ್ತಾರೆ. ನಾನು ಹೇಳುತ್ತೇನೆ. ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಈ ತಾಲ್ಲೂಕಿನಲ್ಲಿ ಇಲ್ಲ, ಬಿಡಿ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸೀತತ್ತಿಗೆಯೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಆ ಕಥೆ ಸುಳ್ಳು. ಅವರು ಬೈದದ್ದು ನನಗೆ. ಆಫೀಸರ ಜೊತೆ ಮಾತಾಡಿದವನು—

ಇರಿ. ಮೊದಲಿಂದ ಹೇಳಬೇಕು, ಇಲ್ಲದಿದ್ದರೆ ಇದನ್ನೂ ತಮಾಷೆ ಅಂದುಕೊಳ್ಳುತ್ತೀರಿ.

ನನ್ನ ಹೆಂಡತಿ ತೀರಿಹೋದಾಗ ಮಗಳು ವೀಣಾಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ. ಯಾರೂ ಕೂತು ಮಾತಾಡಿ ತೀರ್ಮಾನ ಮಾಡಲಿಲ್ಲ. ಮಗು ಒಂದು ದಿನ ಅತ್ತಿಗೆಯ ಸೊಂಟ ಏರಿತು, ಆಮೇಲೆ ಇಳಿಯಲಿಲ್ಲ, ಅಷ್ಟೆ. ಜಡೆ ಹಾಕಿದ್ದು, ಶಾಲೆಯ ಬಸ್ಸಿಗೆ ಬಿಟ್ಟಿದ್ದು, ದನದ ಡಾಕ್ಟರ್ ಆಗ್ತೀನಿ ಅಂದಾಗ ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಓದಿಸಿದ್ದು, ಎಲ್ಲ ಅತ್ತಿಗೆ. ನಾನು ನಗಿಸುತ್ತಿದ್ದೆ. ಅಪ್ಪ ಅಂದರೆ ಮನೆಗೆ ಬಂದಾಗ ನಗಿಸುವವನು, ಜ್ವರ ಬಂದಾಗ ಕರೆಯುವುದು ದೊಡ್ಡವ್ವನನ್ನು. ಆಗ ಅದು ನನಗೆ ಬಹಳ ಅನುಕೂಲವಾಗಿಯೇ ಇತ್ತು. ಅಣ್ಣನೂ ತೀರಿಕೊಂಡ ಮೇಲೆ ಅದೇ ಮನೆ, ಅದೇ ತೋಟ, ನಾವು ಮೂವರು.

ವೀಣಾ ಓದು ಮುಗಿಸಿ ನ್ಯೂಜಿಲೆಂಡಿಗೆ ಹೋದಳು. ಅಲ್ಲಿ ಮನುಷ್ಯರಿಗಿಂತ ದನ ಕುರಿ ಜಾಸ್ತಿಯಂತೆ, ಅವಳಿಗೆ ಕೈತುಂಬ ಕೆಲಸ. ಅಲ್ಲಿಯವನೇ ಆದ ಒಬ್ಬ ಮೇಷ್ಟ್ರನ್ನು ಮೆಚ್ಚಿದಳು. ಮೂರು ವರ್ಷದ ಹಿಂದಿನ ಮಾತು. ಮದುವೆ ಅಲ್ಲೇ, ಫೆಬ್ರವರಿಯಲ್ಲಿ ಅಂದಳು. ನಾನು ಗಲಾಟೆ ಮಾಡಿದೆ. ಬಣಕಲ್‌ನಲ್ಲಿ ಮಾಡಿದರೆ ಏನಾಗುತ್ತದೆ, ನನ್ನ ಮಗಳ ಮದುವೆಗೆ ಸಾವಿರ ಜನ ಬರಬೇಕು, ಚಪ್ಪರದಲ್ಲಿ ನಾನೊಂದು—

"ಅಪ್ಪ, ಕೇಳಿ ಇಲ್ಲಿ," ಅಂದಳು ಫೋನಿನಲ್ಲಿ. "ನಂಗೆ ಧಾರೆ ದೊಡ್ಡವ್ವನೇ ಎರೀಬೇಕು. ಅಲ್ಲಿ ಮಾಡಿದ್ರೆ ಬಿಡ್ತಾರಾ? ಗಂಡ ಇಲ್ಲದವರು ಧಾರೆ ಗಿಂಡಿ ಮುಟ್ಟಬಾರ್ದು ಅಂತ ನಮ್ಮೋರೇ ಚಪ್ಪರದ ಮೂಲೇಲಿ ಕೂರಿಸ್ತಾರೆ. ಇಲ್ಲಿ ಕೇಳೋರು ಯಾರೂ ಇಲ್ಲ. ಅದಕ್ಕೇ ಮದುವೆ ಇಲ್ಲಿ ಇಟ್ಕೊಂಡಿದ್ದು. ನೀವು ಪಕ್ಕದಲ್ಲಿ ನಿಂತ್ಕೊಳಿ."

ಒಳ್ಳೆಯದಾಯಿತು ಮಗಾ ಅಂದೆ. ಅಂದವನು ಫೋನ್ ಇಟ್ಟು ಹೋಗಿ ಕಾಫಿ ಒಣಗಿಸುವ ಕಣದಲ್ಲಿ ಒಬ್ಬನೇ ನಿಂತೆ. ಪಕ್ಕದಲ್ಲಿ ನಿಂತ್ಕೊಳಿ. ನ್ಯಾಯವಾದ ಮಾತು. ಅವಳನ್ನು ಬೆಳೆಸಿದವರು ಎರೆಯಲಿ. ನ್ಯಾಯ ಅಂತ ಗೊತ್ತಿದ್ದೂ ಎದೆಯೊಳಗೆ ಏನೋ ಒಂದು ಕಚ್ಚಿ ಹಿಡಿದುಕೊಂಡಿತು, ಬಿಡಲಿಲ್ಲ.

ಮೂಡಿಗೆರೆಯ ಕಂಪ್ಯೂಟರ್ ಅಂಗಡಿಯಲ್ಲಿ ಇಬ್ಬರ ಅರ್ಜಿಯನ್ನೂ ಹಾಕಿಸಿದೆವು. ಆಗ ಕಾಫಿ ಕೊಯ್ಲು ಶುರುವಾಗಿತ್ತು. ಅತ್ತಿಗೆ ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಬಿಟ್ಟು, ಮಧ್ಯಾಹ್ನ ಹಪ್ಪಳ ಒಣಗಿಸಿ, ಸಂಜೆ ನನ್ನನ್ನು ಎದುರು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ವೀಸಾದವರು ಫೋನ್ ಮಾಡಿ ಏನಾದರೂ ಕೇಳಬಹುದು ಎಂದು ಅಂಗಡಿಯ ಹುಡುಗಿ ಹೇಳಿದ್ದಳು. "ಮೈ ನೇಮ್ ಈಸ್ ಸೀತಮ್ಮ. ಐ ಗೋ ಫಾರ್ ಮ್ಯಾರೇಜ್. ಐ ಕಮ್ ಬ್ಯಾಕ್." ಆ ಕಮ್ ಬ್ಯಾಕ್ ಅನ್ನುವಾಗ ತೋರುಬೆರಳಿನಿಂದ ನಮ್ಮ ಮನೆಯ ನೆಲವನ್ನೇ ತೋರಿಸುತ್ತಿದ್ದರು.

ಇನ್ನು ನಾನು. ನನ್ನ ಪ್ರತಾಪ ನೀವು ಕೇಳಿಲ್ಲದಿರಬಹುದು. ಫೋನಿನಲ್ಲಿ ಧ್ವನಿ ಬದಲಿಸುವುದರಲ್ಲಿ ನಾನು ಈ ಸೀಮೆಗೇ ಒಬ್ಬ. ಫಾರೆಸ್ಟಿನವನ ಧ್ವನಿಯಲ್ಲಿ 'ಆನೆ ಈ ಕಡೆ ಬರ್ತಾ ಇದೆ' ಎಂದು ಫೋನ್ ಮಾಡಿ ಒಂದು ಇಡೀ ದಿಬ್ಬಣವನ್ನು ಬಸ್ಸಿನಿಂದ ಇಳಿಯದ ಹಾಗೆ ಕೂರಿಸಿದ್ದೇನೆ. ಸಿನಿಮಾ ಶೂಟಿಂಗ್ ಇದೆ, ಗುಂಪಿನ ದೃಶ್ಯಕ್ಕೆ ಮುಖ ಬೇಕು ಎಂದು ಹಬ್ಬಿಸಿ ಅರ್ಧ ಬಣಕಲ್‌ಗೆ ಪೌಡರ್ ಬಳಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೇನೆ. ವೀಸಾ ಅರ್ಜಿ ಹಾಕಿದ ಮನೆಯಲ್ಲಿ ನನ್ನಂಥವನು ಸುಮ್ಮನಿರಲು ಸಾಧ್ಯವೇ? ಗ್ಯಾರೇಜಿನವನ ಫೋನ್ ಇಸಕೊಂಡು ಅತ್ತಿಗೆಗೆ ಮಾಡಿದೆ. ಮೂಗಿನಲ್ಲಿ ಮಾತಾಡಿದೆ.

"ಮೇಡಂ, ನಾನು ನ್ಯೂಜಿಲೆಂಡ್ ವೀಸಾ ಆಫೀಸಿಂದ. ತಾವು ಹಲಸಿನ ಹಪ್ಪಳ ಎಷ್ಟು ತರ್ತೀರಿ? ನಮ್ಮ ದೇಶದಲ್ಲಿ ಹಪ್ಪಳಕ್ಕೆ ಬೇರೆ ವೀಸಾ ಆಗ್ಬೇಕು."

ಆಮೇಲೆ ಬಂತು ನೋಡಿ.

"ಏ ಮಂಜ! ಬೇವರ್ಸಿ! ನಿಂಗೆ ಮಾಡಾಕೆ ಬೇರೆ ಕೆಲ್ಸ ಇಲ್ವಾ? ಹಪ್ಪಳಕ್ಕೆ ವೀಸಾನಂತೆ ನಿನ್ ತಲೆ! ಮನೆಗೆ ಬಾ, ಕೊಳ್ಳೀಲಿ ಬಾರಿಸ್ತೀನಿ!"

ಗ್ಯಾರೇಜಿನವನಿಗೂ ಕೇಳಿಸಿತು. ಇಬ್ಬರೂ ಟೈರಿನ ಮೇಲೆ ಬಿದ್ದು ನಕ್ಕೆವು.

ಸಂಜೆ ಅತ್ತಿಗೆ ಕೇಳಿದರು. "ಮಂಜ, ಫೋನ್ ಮಾಡಿದ್ದು ನೀನೇ ತಾನೆ?"

"ಎಂತ ಫೋನು? ನಾನು ಗ್ಯಾರೇಜಲ್ಲಿ ಜೀಪ್ ರಿಪೇರಿ ಮಾಡಿಸ್ತಾ ಇದ್ದೆ," ಅಂದೆ.

ಇದು ನನ್ನ ಪದ್ಧತಿ. ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿದ ಕಾಫಿಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಡುವುದಿಲ್ಲವೇ, ಹಾಗೆ ತಮಾಷೆಯನ್ನೂ ಸ್ವಲ್ಪ ದಿನ ಬಿಡಬೇಕು. ಅವತ್ತೇ ಒಪ್ಪಿಕೊಂಡರೆ ರುಚಿ ಇಲ್ಲ. ಅತ್ತಿಗೆಗೂ ಈ ಪದ್ಧತಿ ಗೊತ್ತು. ಆದರೂ ಅವತ್ತು ಮುಖದಲ್ಲಿ ಒಂದು ಹೆದರಿಕೆ ಬಂದು ಹೋಯಿತು. "ನಿಜ ಹೇಳಾ," ಅಂದರು. ನಾನು ಹೇಳಲಿಲ್ಲ. ನಾಡಿದ್ದು ಹೇಳಿದರಾಯಿತು ಅಂದುಕೊಂಡೆ.

ಅಷ್ಟಕ್ಕೇ ನಿಂತಿದ್ದರೆ— ಆದರೆ ನಿಲ್ಲಲಿಲ್ಲ.

ಮರುದಿನವೋ ಅದರ ಮರುದಿನವೋ, ಅತ್ತಿಗೆ ಮದುವೆಗೆಂದು ಹೊಲಿಯಲು ಕೊಟ್ಟ ರವಿಕೆ ತರಲು ಮೂಡಿಗೆರೆಗೆ ಹೋಗಿದ್ದರು. ನಾನು ಕಣದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾಫಿ ಒಣಗಿದೆಯೇ ಎಂದು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದೆ. ನನ್ನ ಫೋನ್ ಹೊಡೆದುಕೊಂಡಿತು. ಅತ್ತಿಗೆಯ ಅರ್ಜಿಯಲ್ಲಿ ಎರಡನೆಯ ನಂಬರು ನನ್ನದು. ಅವರ ಫೋನಿಗೆ ದಾರಿಯಲ್ಲಿ ರೇಂಜ್ ಸಿಗದೆ ನನಗೆ ಮಾಡಿದ್ದರು. ಒಬ್ಬ ಹೆಂಗಸು, ಬಹಳ ಮರ್ಯಾದೆಯ ಇಂಗ್ಲಿಷು. ವೀಸಾ ವಿಚಾರಿಸುವವರು. ಅರ್ಜಿದಾರರು ನಿಮಗೇನಾಗಬೇಕು ಎಂದು ಕೇಳಿದರು. ಹೇಳಿದೆ. ಗಂಡ? ಇಲ್ಲ. ಸ್ವಂತ ಮಕ್ಕಳು? ಇಲ್ಲ. ಮದುವೆ ಮುಗಿದ ಮೇಲೆ ಊರಿಗೆ ವಾಪಸ್ ಬರುತ್ತಾರೆ ಎನ್ನುವುದಕ್ಕೆ ಅಲ್ಲಿ ಅವರಿಗೆ ಏನಿದೆ, ಯಾರಿದ್ದಾರೆ?

ಏನಿದೆ! ನಾನು ಅಲ್ಲೇ ಕೂತಿದ್ದೆನಲ್ಲ, ಕಣ್ಣೆದುರೇ ಇತ್ತು. ಬಿಸಿಲಿಗೆ ಹರಡಿದ ಕಾಫಿ, ಅವರು ಹೇಳಿದ ಹಾಗೆ ಹರಡಿದ್ದು. ಅವರು ಬರುವುದನ್ನೇ ಕಾಯುತ್ತಿದ್ದ ಆಳುಗಳು. ಅವರು ಕರೆದರೆ ಮಾತ್ರ ಹಾಲು ಕೊಡುವ ಹಸು. ಈ ತೋಟ ನಡೆಯುತ್ತಿದ್ದುದೇ ಅವರಿಂದ. ಇಷ್ಟನ್ನೇ ಹೇಳಿದ್ದರೆ ಸಾಕಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲ ಅನ್ನುವ ಹಾಗೂ ಇಲ್ಲ, ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಾಟಕ ಆಡಿದವನು.

ನಾನು ಹೇಳಿದ್ದು ಇದು: "ಇಲ್ಲಿ ಅವರಿಗೆ ಯಾರೂ ಇಲ್ಲ. ಆ ಹುಡುಗಿಯೇ ಅವರಿಗೆ ಎಲ್ಲ. ಹೋದರೆ ವಾಪಸ್ ಬರುತ್ತಾರೆ ಅಂತ ನಾನು ಹೇಳಲಾರೆ."

ಅವತ್ತು ಧ್ವನಿ ಬದಲಿಸಿರಲಿಲ್ಲ. ತಮಾಷೆ ಮಾಡಲು ಹೋಗಿ ಕೈತಪ್ಪಿತು ಎಂದು ನೀವು ನನ್ನ ಪರವಾಗಿ ಯೋಚಿಸುತ್ತಿದ್ದರೆ, ಬೇಡ. ನನಗೆ ಗೊತ್ತಿತ್ತು. ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ, ನಾನು ಹೇಳಿದರೆ ಏನಾಗುತ್ತದೆ, ಎಲ್ಲ ಗೊತ್ತಿತ್ತು. ಆಕೆ ಥ್ಯಾಂಕ್ಯೂ ಅಂದರು. ನಾನೂ ಥ್ಯಾಂಕ್ಯೂ ಅಂದೆ. ಫೋನನ್ನು ಜೇಬಿಗೆ ಹಾಕಿ ಇನ್ನೊಂದು ಬೀಜ ಕಡಿದೆ.

ಸಂಜೆ ಅತ್ತಿಗೆ ಹೊಸ ರವಿಕೆ ತೋರಿಸಿದರು. ತೋಳು ಸ್ವಲ್ಪ ಉದ್ದ ಇಡಿಸಿದ್ದರು, ಅಲ್ಲಿ ಚಳಿ ಇದ್ದರೆ ಎಂದು.

ನನ್ನ ವೀಸಾ ಬಂತು. ಅವರದು ಬರಲಿಲ್ಲ. ಕಂಪ್ಯೂಟರ್ ಅಂಗಡಿಯ ಹುಡುಗಿ ಓದಿ ಹೇಳಿದಳು. ವಾಪಸ್ ಹೋಗುತ್ತಾರೆ ಎಂಬ ನಂಬಿಕೆ ಬರಲಿಲ್ಲ ಎಂದು ಬರೆದಿದ್ದರು. ಅತ್ತಿಗೆ ಬೆಂಚಿನ ಮೇಲೆ ಕೂತರು. ಆಮೇಲೆ ತಾವೇ ಹೇಳಿದರು.

"ಮಂಜ. ಅವತ್ತು ಫೋನ್ ಮಾಡಿದ್ದು ನಿಜವಾದ ಆಫೀಸರೇ ಕಣಾ. ಹಪ್ಪಳಕ್ಕೂ ಅಲ್ಲಿ ರೂಲ್ಸ್ ಇರ್ಬೇಕು. ನೀನು ಅಂದ್ಕಂಡು ಬೈದುಬಿಟ್ಟೆ. ಬೇವರ್ಸಿ ಅಂದೆ. ಯಾರು ಕೊಡ್ತಾರೆ ವೀಸಾ? ವಾಪಸ್ ಬರಲ್ಲ ಅಂತ ಬರ್ದಿರೋದು ಬರೀ ನೆಪ."

ನಾನು ಬಾಯಿ ತೆರೆದೆ. ಅಲ್ಲ ಅತ್ತಿಗೆ, ಅದು ನಾನೇ— ಇಷ್ಟು ಹೇಳಿದರೆ ಮುಗಿಯುತ್ತಿತ್ತು. ಆದರೆ ಅದು ನಾನಾಗಿದ್ದರೆ ನಿಜವಾದ ಫೋನ್ ಎಲ್ಲಿಗೆ ಬಂತು, ಏನು ಹೇಳಿದರು, ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಬೇರೇನೂ ಮಾಡಬೇಕಾಗಲೇ ಇಲ್ಲ. ಅಷ್ಟು ದೊಡ್ಡ ಸುಳ್ಳನ್ನು ಕಟ್ಟಲು ನಾನೊಂದು ಮಾತೂ ಆಡಬೇಕಾಗಲಿಲ್ಲ.

ವೀಣಾ ಫೋನಿನಲ್ಲಿ ಅತ್ತಳು. "ದೊಡ್ಡವ್ವ, ಬೈಯೋಕೆ ಮುಂಚೆ ಯಾರು ಅಂತ ಕೇಳ್ಬಾರ್ದಿತ್ತಾ?" ಎಂದು ಒಂದೇ ಒಂದು ಸಲ ಅಂದಳು. ಅತ್ತಿಗೆ, "ತಪ್ಪಾಯ್ತು ಮಗ, ತಪ್ಪಾಯ್ತು," ಎನ್ನುತ್ತಾ ಹೋದರು. ನಾನು ಅಲ್ಲೇ ಕೂತಿದ್ದೆ.

ಹೊರಡುವ ದಿನ ನನ್ನ ಪೆಟ್ಟಿಗೆಯಲ್ಲಿ ಧಾರೆಯ ಗಿಂಡಿಯನ್ನು ಅವರೇ ಇಟ್ಟರು. ನಮ್ಮ ಮನೆಯ ಮದುವೆಗಳಿಗೆಲ್ಲ ಅದೇ ಗಿಂಡಿ. ಹುಣಸೆಹಣ್ಣಿನಲ್ಲಿ ಉಜ್ಜಿ, ತಮ್ಮ ಹಳೆಯ ಸೀರೆಯಲ್ಲಿ ಸುತ್ತಿ, "ಹಾಲು ನಿಧಾನ ಬಿಡು. ಗಡಿಬಿಡಿ ಮಾಡ್ಬೇಡ," ಅಂದರು.

ಅಲ್ಲಿ ಒಂದು ಶಾಲೆಯ ಹಾಲ್‌ನಲ್ಲಿ ಮದುವೆ. ವೀಣಾ ಒಂದು ಕುರ್ಚಿಯ ಮೇಲೆ ಫೋನ್ ನಿಲ್ಲಿಸಿದ್ದಳು. ಅದರೊಳಗೆ ಅತ್ತಿಗೆ. ನಮ್ಮಲ್ಲಿ ಆಗಿನ್ನೂ ಬೆಳಿಗ್ಗೆ. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಕಣದ ತುದಿಯಲ್ಲಿ, ಬೇಲಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದರು. ಮದುವೆಯ ಸೀರೆ ಉಟ್ಟಿದ್ದರು. ಆ ಉದ್ದ ತೋಳಿನ ರವಿಕೆ. ಹಿಂದೆ ಕೊಯ್ಲಿನ ಹೆಂಗಸರು ಬುಟ್ಟಿ ಹಿಡಿದುಕೊಂಡೇ ಬಗ್ಗಿ ನೋಡುತ್ತಿದ್ದರು. ನಾನು ಗಿಂಡಿ ಎತ್ತಿದೆ. ಹಾಲು ಬಿಡುವ ಹೊತ್ತಿಗೆ ಫೋನಿನಲ್ಲಿ ಅತ್ತಿಗೆಯ ಮುಖ ಅಲ್ಲಾಡದೆ ನಿಂತುಬಿಟ್ಟಿತು. ರೇಂಜ್ ಹೋಯಿತು. ವೀಣಾ ನನ್ನ ಕೈಯನ್ನು ನೋಡಲಿಲ್ಲ, ಆ ಫೋನನ್ನೇ ನೋಡುತ್ತಿದ್ದಳು. ಮಗಳ ಧಾರೆ ಎರೆದವನು ಎನಿಸಿಕೊಳ್ಳಲು ನಾನು ಇಷ್ಟೆಲ್ಲ ಮಾಡಿದ್ದು. ಎರೆದೆ. ಹಾಲು ಬಿತ್ತು, ಹರಿಯಿತು. ಅದರಲ್ಲಿ ನನಗೆಂದು ಒಂದು ತೊಟ್ಟೂ ಇರಲಿಲ್ಲ.

ವಾಪಸ್ ಬಂದ ಮೇಲೆ ಯಾರೋ ಕೇಳಿದರು, ಸೀತಮ್ಮ ಯಾಕೆ ಹೋಗಲಿಲ್ಲ ಎಂದು. ಏನು ಹೇಳಲಿ? ಬಾಯಿಗೆ ಬಂದ ಹಾಗೆ ತಮಾಷೆ ಮಾಡಿ ಹೇಳಿದೆ. ಅವರು ನಕ್ಕರು. ನಗು ಬಂದರೆ ನಾನು ನಿಲ್ಲಿಸುವವನಲ್ಲ. ಇನ್ನೊಂದು ಕಡೆ ಹೇಳಿದೆ, ಸ್ವಲ್ಪ ಉಪ್ಪು ಖಾರ ಸೇರಿಸಿದೆ. ಮೂರು ವರ್ಷದಲ್ಲಿ ಅದು ನನ್ನ ಎಲ್ಲ ಕಥೆಗಳಿಗಿಂತ ದೊಡ್ಡದಾಯಿತು. ಆನೆಯ ಕಥೆಯನ್ನು ಈಗ ಯಾರೂ ಕೇಳುವುದಿಲ್ಲ.

ಅತ್ತಿಗೆಗೆ ಏನಾಯಿತು ಎಂದು ಯಾರೂ ನೋಡಲಿಲ್ಲ. ನಾನು ನೋಡಿದೆ, ಅದೇ ಮನೆಯಲ್ಲಿ ಇರುವವನು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅವರು ಎದ್ದು ನಿಲ್ಲುತ್ತಾರೆ. ಸೆರಗು ಸರಿಮಾಡಿಕೊಂಡು "ಹಲೋ ಸಾರ್, ನಮಸ್ಕಾರ ಸಾರ್," ಅನ್ನುತ್ತಾರೆ. ಸಾಲ ಬೇಕಾ ಎಂದು ಕೇಳುವ ಫೋನು, ಅದೂ ಮನುಷ್ಯರಲ್ಲ, ಮೆಷಿನ್ ಮಾತಾಡುವುದು, ಅದಕ್ಕೂ "ಬೇಡ ಸಾರ್, ಬೇಜಾರ್ ಮಾಡ್ಕಬೇಡಿ ಸಾರ್," ಎಂದು ಅದು ನಿಲ್ಲುವವರೆಗೂ ಕೈಮುಗಿದು ನಿಂತಿರುತ್ತಾರೆ. ಆಳುಗಳನ್ನು ಗದರಿಸುತ್ತಿದ್ದ ಹೆಂಗಸು, ನನ್ನನ್ನು ಕೊಳ್ಳಿಯಲ್ಲಿ ಬಾರಿಸುತ್ತೇನೆ ಅನ್ನುತ್ತಿದ್ದ ಹೆಂಗಸು, ಯಾರಿಗೂ ಒಂದು ಗಟ್ಟಿ ಮಾತು ಆಡದ ಹಾಗಾದರು. ನಾನು ಆಮೇಲೂ ಒಂದೆರಡು ಸಲ ಸುಮ್ಮಸುಮ್ಮನೆ ರೇಗಿಸಿ ನೋಡಿದೆ. "ಆಯ್ತು ಬಿಡು ಮಂಜ," ಅಂದರು, ಅಷ್ಟೇ.

ನನಗೆ ಸುಸ್ತಾಗಿದೆ. ವಯಸ್ಸಿನ ಸುಸ್ತು ಅಲ್ಲ. ಊಟದ ಮನೆಯಲ್ಲಿ ಜನ ನನ್ನನ್ನು ನೋಡಿದ ತಕ್ಷಣ ನಗಲು ತಯಾರಾಗುತ್ತಾರಲ್ಲ, ಆಗ ತಿರುಗಿ ಮನೆಗೆ ಹೋಗಿಬಿಡೋಣ ಅನಿಸುತ್ತದೆ. ಕಥೆ ಶುರು ಮಾಡುತ್ತೇನೆ, ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣು ಅಗಲಿಸಬೇಕು, ಎಲ್ಲ ತಾನಾಗಿಯೇ ಆಗುತ್ತದೆ. ಅತ್ತಿಗೆ ಎಲ್ಲಿ ಕೂತಿದ್ದಾರೆ ಎಂದು ಮಾತ್ರ ನೋಡದ ಹಾಗೆ ಕತ್ತು ತಿರುಗಿಸಿಕೊಳ್ಳುತ್ತೇನೆ.

ಈಗ ವೀಣಾ ಬಸುರಿ. ಕಳೆದ ವಾರ ಫೋನ್ ಮಾಡಿ, "ದೊಡ್ಡವ್ವ, ಬಾಣಂತನಕ್ಕೆ ನೀವೇ ಬರ್ಬೇಕು. ಮತ್ತೆ ಅರ್ಜಿ ಹಾಕೋಣ," ಅಂದಳು.

"ಬ್ಯಾಡ ಮಗ," ಅಂದರು ಅತ್ತಿಗೆ. "ಅವರತ್ರ ನನ್ ಹೆಸರು ಕೆಟ್ಟೋಗಿದೆ. ನನ್ ಬಾಯಿ ಸರಿ ಇಲ್ಲ. ಮತ್ತೆ ಯಾರಿಗಾರೂ ಏನಾರೂ ಅಂದು, ನಿಂಗೆ ಅಲ್ಲಿ ತೊಂದ್ರೆ ಆದ್ರೆ? ನಿಮ್ಮಪ್ಪನ್ನೇ ಕರೆಸ್ಕೊ. ಅವ್ನು ಚೆನ್ನಾಗ್ ಮಾತಾಡ್ತಾನೆ."

ಅವ್ನು ಚೆನ್ನಾಗ್ ಮಾತಾಡ್ತಾನೆ.

ಮರುದಿನ ಬೆಳಿಗ್ಗೆ ಹೇಳಿಬಿಟ್ಟೆ. ಅವರು ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಬಾಗಿಲ ಹತ್ತಿರ ನಿಂತು, ಗ್ಯಾರೇಜಿನ ಫೋನು, ಕಣದ ಫೋನು, ಆ ಹೆಂಗಸಿಗೆ ನಾನು ಹೇಳಿದ ಮಾತು, ಎಲ್ಲವನ್ನೂ ಹೇಳಿದೆ. ಧಾರೆ ನಾನೇ ಎರೆಯಬೇಕು ಅಂತ ಹೊಟ್ಟೆಕಿಚ್ಚಾಯ್ತು ಅತ್ತಿಗೆ ಅಂತಲೂ ಹೇಳಿದೆ. ಅವರು ತಿರುಗಿದರು. ಕೈಯಲ್ಲಿ ರೊಟ್ಟಿ ಮಗುಚುವ ಸಟ್ಟುಗ. "ಬೇವರ್ಸಿ! ಮನೆಹಾಳ! ಮೂರು ವರ್ಷ ನನ್ನನ್ನ ಊರಿಗೆಲ್ಲ ಮಂಗ ಮಾಡಿ ಕುಣಿಸಿದ್ಯಲ್ಲೋ!" ಎಂದು ಹಿಂದಿನ ಹಾಗೇ, ಕಣದಲ್ಲಿದ್ದ ಆಳುಗಳಿಗೆಲ್ಲ ಕೇಳುವ ಹಾಗೆ ಬೈದರು. ನಾನು ತಲೆ ತಗ್ಗಿಸಿ ನಿಂತೆ. ಹಳೆಯ ಸೀತತ್ತಿಗೆ ವಾಪಸ್ ಬಂದರು ಅನಿಸಿತು.

ಇಲ್ಲಿವರೆಗೆ ನಂಬದೆ ಓದಿದ್ದರೆ ನೀವು ಗಟ್ಟಿಗರು. ನಂಬಿದ್ದರೆ, ಒಂದನ್ನು ಬಿಟ್ಟುಬಿಡಿ. ಇದರಲ್ಲಿ ಒಂದು ನಾನು ಕಟ್ಟಿದ್ದು.

ಅತ್ತಿಗೆ ಬೈಯಲಿಲ್ಲ.

ರೊಟ್ಟಿ ಸೀಯುತ್ತದೆಂದು ಮೊದಲು ಕಾವಲಿ ಇಳಿಸಿದರು. ಮಣೆಯ ಮೇಲೆ ಕೂತರು. ನನ್ನನ್ನು ನೋಡದೆ ಕೇಳಿದರು.

"ಹಂಗಾರೆ ಅವತ್ತು ನಾನು ಬೈದಿದ್ದು ನಿಂಗೇನಾ?"

"ಹೂಂ."

"ಆಫೀಸರಿಗಲ್ಲ?"

"ಅಲ್ಲ ಅತ್ತಿಗೆ."

"ನನ್ ಬಾಯಿಂದ ಆಗಿದ್ದಲ್ಲ ಅದು."

ಅದು ಪ್ರಶ್ನೆ ಆಗಿರಲಿಲ್ಲ. ನನ್ನ ಉತ್ತರಕ್ಕೂ ಕಾಯಲಿಲ್ಲ. ಇನ್ನೊಂದು ಸಲ ತಮಗೆ ತಾವೇ ಹೇಳಿಕೊಂಡರು, ನನ್ ಬಾಯಿಂದ ಅಲ್ಲ, ಎಂದು. ಮೂರು ವರ್ಷ ಹೊತ್ತುಕೊಂಡಿದ್ದನ್ನು ಕೆಳಗಿಟ್ಟವರ ಹಾಗೆ ಉಸಿರು ಬಿಟ್ಟರು. ನಾನು ಅಲ್ಲಿ ನಿಂತಿರುವುದೇ ಮರೆತುಹೋದ ಹಾಗಿತ್ತು. ಎದ್ದು, ನನ್ನ ತಟ್ಟೆಗೆ ರೊಟ್ಟಿ ಹಾಕಿ, ಚಟ್ನಿ ಬಡಿಸಿ, "ವೀಣಂಗೂ ನೀನೇ ಹೇಳ್ಬೇಕು," ಅಂದರು. ಆಮೇಲೆ ಇವತ್ತಿನವರೆಗೆ ಊಟಕ್ಕೆ ಕರೆಯುವ ಒಂದು ಮಾತು ಬಿಟ್ಟರೆ ನನ್ನ ಜೊತೆ ಬೇರೆ ಮಾತಾಡಿಲ್ಲ.

ಆ ಬೈಗುಳ ನನಗೆ ಬೇಕಾಗಿತ್ತು. ಸಿಗಲಿಲ್ಲ, ಬರೆದುಕೊಂಡೆ.

ಸಂಜೆ ವೀಣಾಗೆ ಫೋನ್ ಮಾಡುತ್ತೇನೆ. ಅವಳೂ ಬೈಯುವುದಿಲ್ಲ. ಅದು ಗೊತ್ತಿದ್ದೇ ಹೇಳಬೇಕು.